ಒಂಬತ್ತನೇ ನಂಬರ್ ಚಪ್ಪಲಿ: ಒಂದು ಬಾಡಿಗೆ ಮನೆಯ ಪ್ರಕರಣ

ಇದು ನಮ್ಮ ಕಡೆ ಹುಡುಗಿ ಒಬ್ಬಳ ಕೇಸು. ಅವಳನ್ನ ಕೇಳಿಯೇ ಬರೀತಿದೀನಿ, ಬರೆದಾದ್ಮೇಲೆ ಅವಳಿಗೆ ಓದಿಸಿ, ಎರಡು ಕಡೆ "ಅಕ್ಕ ಇದು ಬೇಡ" ಅಂದಿದ್ದನ್ನ ತೆಗೆದೂ ಹಾಕಿದೀನಿ. ಬೀದಿ, ಆಫೀಸು, ಒಂದೆರಡು ಮೊತ್ತ ಬದಲಾಯಿಸಿದೀನಿ. ಅವಳನ್ನ ಇಲ್ಲಿ ಲಲಿತಾ ಅಂತ ಕರೀತೀನಿ, ಅವಳ ವಯಸ್ಸಿನ ಹುಡುಗೀರಲ್ಲಿ ಆ ಹೆಸರು ಯಾರಿಗೂ ಇಟ್ಟಿಲ್ಲ ಅನ್ನೋದೇ ಕಾರಣ.

ನಾನು ಹನ್ನೊಂದು ವರ್ಷ ಬೆಂಗಳೂರಲ್ಲಿ ಪೀಜಿ, ಹಾಸ್ಟೆಲ್ಲು, ಸಿಂಗಲ್ ರೂಮು ಎಲ್ಲ ಕಂಡವಳು. ಈಗ ಊರ ಕಡೆಯಿಂದ ಬರೋ ಹುಡುಗೀರಿಗೆ ಮನೆ ಹುಡುಕೋಕೆ ಅಷ್ಟೋ ಇಷ್ಟೋ ಸಹಾಯ ಮಾಡ್ತೀನಿ, ಒಂದು ವಾಟ್ಸಾಪ್ ಗುಂಪಿದೆ ಅಷ್ಟೇ, ಸಂಸ್ಥೆ ಗಿಂಸ್ಥೆ ಏನಿಲ್ಲ. ಈ ಕೇಸಲ್ಲಿ ನಾನೂ ಒಂದು ತಪ್ಪು ಸಲಹೆ ಕೊಟ್ಟೆ, ಅದೂ ಮುಂದೆ ಬರುತ್ತೆ.

ಹಿನ್ನೆಲೆ

ಲಲಿತಾ ತಿಪಟೂರು-ಅರಸೀಕೆರೆ ಕಡೆಯವಳು, ಒಬ್ಳೇ ಮಗಳು, ಮನೇಲಿ ತೆಂಗಿನ ತೋಟ. ಎಂ.ಕಾಂ ಮುಗಿಸಿ 2022ರಲ್ಲಿ ಬೆಂಗಳೂರಿಗೆ ಬಂದ್ಲು, ಎಂ.ಜಿ. ರೋಡ್ ಹತ್ರ ಒಂದು ಕಂಪನೀಲಿ ಅಕೌಂಟ್ಸ್ ಕೆಲಸ. ಈ ಕಥೆ ನಡೆಯೋ ಹೊತ್ತಿಗೆ ವಯಸ್ಸು 26, ಕೈಗೆ ಬರ್ತಿದ್ದಿದ್ದು 31,000. ಅದರಲ್ಲಿ 5,000 ಊರಿಗೆ, ಅದು ಅಪ್ಪ ಕೇಳಿದ್ದಲ್ಲ, ಕಳಿಸ್ತಾ ಇದ್ರೆ "ವಾಪಸ್ ಬಾ" ಅನ್ನೋದು ಸ್ವಲ್ಪ ತಡ ಆಗುತ್ತೆ ಅಂತ ಇವಳೇ ಶುರು ಮಾಡಿದ್ದು. ಈ ಒಂದು ಮಾತು ನೆನಪಲ್ಲಿಟ್ಕೊಳ್ಳಿ, ಮುಂದೆ ಆಗಿದ್ದೆಲ್ಲಕ್ಕೂ ಬೇರು ಇಲ್ಲೇ ಇದೆ.

ಮೊದಲ ಎರಡು ವರ್ಷ ಬಿಟಿಎಂ ಲೇಔಟ್ ಕಡೆ ಪೀಜಿ. ಒಂದು ರೂಮಿಗೆ ಮೂರು ಜನ, ಊಟ ಸೇರಿ 8,500. ಸೋಮವಾರ ಚಿತ್ರಾನ್ನ, ಮಂಗಳವಾರ ಪಲಾವ್, ಬುಧವಾರ ನಿನ್ನೆಯ ಪಲಾವ್ ಅನ್ನೋ ತರದ ತಿಂಡಿ, ಹೇಗೋ ನಡೀತಿತ್ತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂತಲ್ಲ, ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5,000 ದಂಡ ಅಂತು, ಜಿಲ್ಲಾಡಳಿತ ಟ್ಯಾಂಕರ್‌ಗೂ ರೇಟ್ ಕಟ್ಟಿಬಿಡ್ತು, ಆಗ ಇವಳ ಪೀಜೀಲಿ ಬೆಳಗ್ಗೆ ಆರರಿಂದ ಏಳು ಬಿಟ್ರೆ ನಲ್ಲೀಲಿ ನೀರೇ ಇರ್ತಿರ್ಲಿಲ್ಲ. ಹದಿನೆಂಟು ಹುಡುಗೀರಿಗೆ ಒಂದು ಗಂಟೆ. ಮುಟ್ಟಿನ ದಿನಗಳಲ್ಲಿ ಆಫೀಸಿನ ವಾಶ್‌ರೂಮಿಗೆ ಬೇಗ ಹೋಗಿ ಸೇರ್ಕೊಳ್ತಿದ್ದೆ ಅಂತ ಹೇಳಿದ್ಲು. ಪೀಜಿಗಳಲ್ಲಿ ತಲೆಗೆ ಇಷ್ಟು ಜಾಗ ಇರ್ಬೇಕು, ದಿನಕ್ಕೆ 135 ಲೀಟರ್ ನೀರು ಕೊಡ್ಬೇಕು, ಸಿಸಿಟಿವಿ ಹಾಕ್ಬೇಕು ಅಂತ ಪಾಲಿಕೆ ನಿಯಮ ತಂದಿದ್ದು ಆ ವರ್ಷ ಆಗಸ್ಟ್‌ನಲ್ಲಿ, ಅಷ್ಟೊತ್ತಿಗೆ ಇವಳು ಪೀಜಿ ಬಿಟ್ಟಾಗಿತ್ತು.

ಮನೆ ಹುಡುಕಿದ್ದು ವಿಜಯನಗರ, ಅತ್ತಿಗುಪ್ಪೆ ಕಡೆ. ನೇರಳೆ ಮೆಟ್ರೋ ಹತ್ತಿದ್ರೆ ಎಂ.ಜಿ. ರೋಡ್‌ಗೆ ನೇರ, ಊರಿನ ಟ್ರೈನಿಗೆ ಯಶವಂತಪುರ ಅಷ್ಟೇನು ದೂರ ಇಲ್ಲ. ಮೂರು ಭಾನುವಾರ, ಹನ್ನೊಂದು ಮನೆ. ಟು-ಲೆಟ್ ಬೋರ್ಡ್ ಕೆಳಗೆ ನಿಂತು ಫೋನ್ ಮಾಡಿದ್ರೆ ಬಾಡಿಗೆ ಎಷ್ಟು ಅಂತ ಇವಳು ಕೇಳೋ ಮೊದ್ಲೇ ಆ ಕಡೆಯಿಂದ "ಎಷ್ಟು ಜನಮ್ಮಾ?", "ಒಬ್ಳೇನಾ?", "ಮದ್ವೆ ಆಗಿಲ್ವಾ?", "ನೀವು ಯಾವ ಜನ?". ಒಬ್ರಂತೂ "ಬ್ಯಾಚುಲರ್ಸ್‌ಗೆ ಕೊಡಲ್ಲ" ಅಂದ್ರು, ಇವಳು "ನಾನು ಹುಡುಗಿ ಅಂಕಲ್" ಅಂದ್ರೆ "ಅದಕ್ಕೇ ಕೊಡಲ್ಲ" ಅಂದ್ರಂತೆ.

ಹನ್ನೆರಡನೇದು ಸಿಕ್ತು. ಓನರ್ ಕೆಳಗೆ, ಇವಳು ಮೂರನೇ ಮಹಡೀಲಿ, ಒಂದು ರೂಮು, ಒಂದು ಅಡುಗೆಮನೆ, ಬಟ್ಟೆ ಒಣಗೋಕೆ ಟೆರೇಸು. ಬಾಡಿಗೆ 9,000, ನೀರಿಗೆ 300, ಅಡ್ವಾನ್ಸ್ 80,000. ಅಗ್ರಿಮೆಂಟು ಮಾಮೂಲಿ ಹನ್ನೊಂದು ತಿಂಗಳದ್ದು, 2024ರ ಜೂನ್ 1ರಿಂದ. ಬೆಂಗಳೂರಲ್ಲಿ ಎಲ್ಲರೂ ಹನ್ನೊಂದೇ ತಿಂಗಳಿಗೆ ಯಾಕೆ ಮಾಡ್ತಾರೆ ಅಂದ್ರೆ ಒಂದು ವರ್ಷ ದಾಟಿದ್ರೆ ಅದನ್ನ ನೋಂದಣಿ ಮಾಡಿಸ್ಲೇಬೇಕು, ಆ ಖರ್ಚೂ ಓಡಾಟಾನೂ ಯಾರಿಗೂ ಬೇಡ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ತೀವಿ ಅಂತ ಒಂದು ಸಾಲಿತ್ತು, ರಾತ್ರಿ ಗೇಟಿಗೆ ಎಷ್ಟೊತ್ತಿಗೆ ಬೀಗ ಹಾಕ್ತಾರೆ ಅನ್ನೋ ವಿಷಯ ಒಂದಕ್ಷರಾನೂ ಇರ್ಲಿಲ್ಲ.

80,000 ಎಲ್ಲಿಂದ ಬಂತು? ಉಳಿತಾಯ 35,000. ಬಾಕಿ 45,000ಕ್ಕೆ ಅಮ್ಮ ಮಾಡಿಸಿಕೊಟ್ಟಿದ್ದ 16 ಗ್ರಾಮಿನ ಸರ ಅಡ ಇಟ್ಲು. ಊರಲ್ಲಿ ಹೇಳಿದ್ದು "ಅಡ್ವಾನ್ಸ್ 20,000 ಅಷ್ಟೇ, ನನ್ನ ಹತ್ರ ಇತ್ತು" ಅಂತ. ಕತ್ತಿಗೆ ಅದೇ ಡಿಸೈನಿನ ಒನ್ ಗ್ರಾಂ ಗೋಲ್ಡ್ ಸರ ಬಂತು, 650 ರೂಪಾಯಿ.

ಎರಡು ಕಡೆ ಮುಚ್ಚಿಡೋ ಕೆಲಸ

ಮೊದಲ ನಾಲ್ಕು ತಿಂಗಳು ಅವಳ ಜೀವನದಲ್ಲೇ ಚೆನ್ನಾಗಿದ್ದ ಕಾಲ ಅಂತಾಳೆ. ಸ್ವಂತ ಬಾತ್‌ರೂಮು, ಐದು ಕೆಜಿ ಸಿಲಿಂಡರು, ಊರಿಂದ ತಂದ ತೆಂಗಿನಕಾಯಿ, ರಾತ್ರಿ ಒಂದು ಮುದ್ದೆ ಬಸ್ಸಾರು. ಬೆಳಗ್ಗೆ ಮೆಟ್ರೋ. 2025ರ ಫೆಬ್ರವರೀಲಿ ಮೆಟ್ರೋ ಟಿಕೆಟ್ ಏರಿದ್ಮೇಲೆ (ಮೇಲಿನ ದರ 60 ಇದ್ದಿದ್ದು 90 ಆಯ್ತು) ಸಂಜೆ ಬಿಎಂಟಿಸಿ. ಶಕ್ತಿ ಯೋಜನೆ ಬಂದ್ಮೇಲೆ ಆಧಾರ್ ತೋರ್ಸಿದ್ರೆ ಗುಲಾಬಿ ಟಿಕೆಟ್ಟು, ದುಡ್ಡಿಲ್ಲ, ಆದ್ರೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿ ಮನೆ ಸೇರೋಕೆ ಮುಕ್ಕಾಲು ಗಂಟೆ ಜಾಸ್ತಿ. ಈ ಮುಕ್ಕಾಲು ಗಂಟೇನೂ ಗೇಟಿನ ಟೈಮಿಗೆ ಬಂದು ತಾಗ್ತು.

ಒಂಟಿಯಾಗಿದೀನಿ ಅನ್ನೋದನ್ನ ಬೀದಿಗೆ ಗೊತ್ತಾಗದ ಹಾಗೆ ನೋಡ್ಕೊಳ್ಳೋದೇ ಒಂದು ದಿನನಿತ್ಯದ ಕೆಲಸ ಅವಳಿಗೆ. ತರಕಾರಿ ಗಾಡಿಯವನ ಹತ್ರ ಕಾಲು ಕೆಜಿ ಟೊಮ್ಯಾಟೋ ಕೇಳಿದ್ರೆ "ಒಬ್ರೇನಾ ಇರೋದು?" ಅಂತಾನೆ, ಅದಕ್ಕೆ ಅರ್ಧ ಕೆಜಿ ತಗೊಂಡು ವಾರದ ಕೊನೇಲಿ ಅರ್ಧ ಎಸೀತಿದ್ಲು. ಪಾರ್ಸಲ್ ತರೋರಿಗೆ ಬಾಗಿಲು ತೆಗೆಯೋಕೆ ಮುಂಚೆ ಒಳಗೆ ತಿರುಗಿ "ಬಂದೆ ಇರಿ" ಅಂತ ಯಾರಿಗೋ ಹೇಳೋ ಹಾಗೆ ಕೂಗೋದು. ಅಕ್ಟೋಬರಲ್ಲಿ ನೀರಿನ ಕ್ಯಾನ್ ತರೋ ಹುಡುಗ ಎರಡು ಸಲ ಬೇಕಂತಲೇ ಒಳಗೆ ಇಣುಕಿ "ಮೇಡಂ ಒಬ್ರೇನಾ?" ಅಂದ. ಅವತ್ತು ಸಂಜೆ ವಿಜಯನಗರ ಮಾರ್ಕೆಟ್ ಫುಟ್‌ಪಾತಲ್ಲಿ 180 ರೂಪಾಯಿ ಕೊಟ್ಟು ಒಂಬತ್ತನೇ ನಂಬರ್ ಗಂಡಸರ ಚಪ್ಪಲಿ ತಂದ್ಲು. ಹೊಸದು ಅಂತ ಗೊತ್ತಾಗಬಾರದು ಅಂತ ಟೆರೇಸಲ್ಲಿ ಕಲ್ಲಿಗೆ ಉಜ್ಜಿ, ಒಂದು ದಿನ ನೀರಲ್ಲಿ ನೆನೆಸಿ, ಬಾಗಿಲ ಮುಂದೆ ಬಿಟ್ಲು. ಈ ಉಪಾಯ ಎಲ್ಲರಿಗೂ ಗೊತ್ತು, ನಾನೂ ಎಷ್ಟೋ ಹುಡುಗೀರಿಗೆ ಹೇಳಿದ್ದೆ. ಕ್ಯಾನ್ ಹುಡುಗ ಇಣುಕೋದು ನಿಂತೇಹೋಯ್ತು.

ಆದ್ರೆ ಓನರ್ ಆಂಟಿ ಕಣ್ಣಿಗೂ ಬಿತ್ತು. "ಯಾರಮ್ಮಾ ಬಂದಿರೋದು?" ಅಂದ್ರು. ಇವಳು ಗಾಬರೀಲಿ "ನಮ್ಮಣ್ಣ ಆಂಟಿ" ಅಂದ್ಬಿಟ್ಲು. ಮನೆಗೆ ಬಂದ ಮೊದಲ ವಾರದಲ್ಲೇ ಕಾಫಿ ಕುಡೀತಾ "ನಾನು ಒಬ್ಳೇ ಮಗಳು ಆಂಟಿ" ಅಂತ ಹೇಳಿದ್ದು ಅವರಿಗೆ ನೆನಪಿತ್ತು. ಆಂಟಿ ಏನೂ ಅನ್ಲಿಲ್ಲ, ಹೌದಾ ಅಂದ್ರು ಅಷ್ಟೇ. ಅವತ್ತಿಂದ ಗೇಟು ಹತ್ತೂವರೆ ಬದಲು ಹತ್ತಕ್ಕೆ ಬೀಗ. ನನ್ನ ಲೆಕ್ಕದಲ್ಲಿ ಈ ಕೇಸು ತಿರುಗಿದ್ದು ಅಲ್ಲೇ, ಅಂದ್ರೆ ನಿಜ ಹೇಳಿದ್ರೆ ಏನಾಗ್ತಿತ್ತು ಅಂತ ನಾನು ಆಮೇಲೆ ತುಂಬ ಸಲ ಯೋಚ್ನೆ ಮಾಡಿದೀನಿ. "ಕ್ಯಾನ್ ಹುಡುಗ ಇಣುಕ್ತಾನೆ ಆಂಟಿ, ಅದಕ್ಕೆ ಇಟ್ಟಿದೀನಿ" ಅಂದಿದ್ರೆ ಆ ಹೆಂಗಸು ಬಹುಶಃ ಕ್ಯಾನ್ ಹುಡುಗನ್ನ ಕರೆದು ಉಗೀತಿದ್ರು. ಆದ್ರೆ ಹಾಗೆ ಹೇಳಿದ್ರೆ "ಅಯ್ಯೋ ಒಂಟಿ ಹುಡುಗಿ ಇಟ್ಕೊಂಡ್ರೆ ಇದೇ ತಾಪತ್ರಯ" ಅಂತ ಖಾಲಿ ಮಾಡಿಸ್ತಾರೇನೋ ಅಂತ ಇವಳಿಗೆ ಭಯ. ಅದೂ ಸುಳ್ಳು ಭಯ ಅಲ್ಲ, ಹನ್ನೊಂದು ಮನೆ ಮೆಟ್ಟಿಲು ಹತ್ತಿ ಇಳಿದವಳು.

ಗೇಟಿನ ಕೀ ಒಂದು ಕೊಡಿ ಅಂತ ಕೇಳಿದ್ಲು, "ಹೆಣ್ಣುಮಗಳು, ನಮಗೆ ಜವಾಬ್ದಾರಿ ಇದೆ" ಅಂತ ಕೊಡ್ಲಿಲ್ಲ. ಎರಡನೇ ಮಹಡೀಲಿದ್ದ ಸಂಸಾರಸ್ಥರ ಹತ್ರ ಕೀ ಇತ್ತು. ಆಫೀಸಲ್ಲಿ ಎಂಟೂವರೆಗೆ ಎದ್ದು ಬಂದು ಬಾಕಿ ಕೆಲಸ ಮನೇಲಿ ಮಾಡೋಕೆ ಶುರು ಮಾಡಿದ್ಲು, ಎರಡು ತಿಂಗಳು ನಡೀತು, ಆಮೇಲೆ ಮ್ಯಾನೇಜರ್ "ಮಂತ್ ಎಂಡಲ್ಲಿ ನೀನೇ ಇಲ್ಲ ಅಂದ್ರೆ ಹೇಗಮ್ಮಾ" ಅಂದ. ಮನೇಲಿ ಗೇಟು ಅಂತ ಹೇಳೋಕೆ ಅವನ ಹತ್ರಾನೂ ಬಾಯಿ ಬರ್ಲಿಲ್ಲ, ಹುಡುಗೀರನ್ನ ತಗೊಂಡ್ರೆ ಇದೇ ಗೋಳು ಅಂತಾನೆ ಅಂತ. ಹೀಗೆ ಮನೆಯವರಿಗೆ ಒಂದು, ಓನರಿಗೆ ಒಂದು, ಆಫೀಸಿಗೆ ಇನ್ನೊಂದು. ಯಾರ ಹತ್ರ ಏನು ಹೇಳಿದೀನಿ ಅನ್ನೋದೇ ಒಂದು ಲೆಡ್ಜರ್ ಆಗೋಗಿತ್ತು ಅಕ್ಕ ಅಂತ ನಗ್ತಾಳೆ ಈಗ.

ಮಾರ್ಚ್ 27ರ ರಾತ್ರಿ

2025ರ ಮಾರ್ಚ್ 27, ಗುರುವಾರ. ವರ್ಷಾಂತ್ಯದ ಲೆಕ್ಕ, ಭಾನುವಾರ ಯುಗಾದಿ, ಆಫೀಸಲ್ಲಿ ಯಾರಿಗೂ ಉಸಿರಾಡೋಕೆ ಪುರುಸೊತ್ತಿಲ್ಲ. ಎಂಟು ಗಂಟೆಗೇ ಆಂಟಿಗೆ ಮೆಸೇಜ್ ಹಾಕಿದ್ಲು, ಇವತ್ತು ಲೇಟಾಗುತ್ತೆ ಅಂತ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಮನೆ ಹತ್ರ ಬಂದಾಗ ಹತ್ತು ಇಪ್ಪತ್ತೈದು. ಗೇಟು ಬೀಗ. ಬೆಲ್ ಗೇಟಿನ ಒಳಗೆ, ಕೈ ಎಟುಕಲ್ಲ. ನಾಲ್ಕು ಸಲ ಫೋನ್ ಮಾಡಿದ್ಲು, ರಿಂಗ್ ಆಗ್ತಿದೆ, ಎತ್ತಲ್ಲ. ಕೂಗಿದ್ರೆ ಬೀದಿಯೋರೆಲ್ಲ ಕಿಟಕಿ ತೆಗೀತಾರೆ, ಅದು ಬೇಡ. ಮೂಲೆಯ ಮೆಡಿಕಲ್ ಶಾಪ್ ಇನ್ನೂ ತೆಗೆದಿತ್ತು, ಅದರ ಬೆಳಕು ಬೀಳೋ ಕಡೆ ಹೋಗಿ ನಿಂತ್ಲು, ಸುಮ್ನೆ ನಿಂತ್ರೆ ಚೆನ್ನಾಗಿರಲ್ಲ ಅಂತ ಬೇಡದ ಒಂದು ಸ್ಟ್ರಿಪ್ ಗ್ಯಾಸ್ ಮಾತ್ರೆ ತಗೊಂಡ್ಲು.

ಹತ್ತು ನಲ್ವತ್ತೈದಕ್ಕೆ ಅಪ್ಪನ ಫೋನು.

"ಎಲ್ಲಿದೀಯ ಪುಟ್ಟಿ?"

"ರೂಮಲ್ಲೇ ಇದೀನಪ್ಪ. ಮಲಗ್ತಾ ಇದ್ದೆ."

ಅಪ್ಪ ಏನೂ ಮಾತಾಡ್ಲಿಲ್ಲ. ಆ ಹೊತ್ತಿಗೆ ಸರಿಯಾಗಿ ಎದುರು ಬೀದಿಯ ನಾಯಿಗಳು ಒಂದರ ಹಿಂದೆ ಒಂದು ಬೊಗಳೋಕೆ ಶುರು, ಒಂದು ಆಟೋ ಹಾರ್ನ್ ಹೊಡ್ಕೊಂಡು ಹೋಯ್ತು. ಅಪ್ಪ ಕೇಳಿಸ್ಕೊಳ್ತಾನೇ ಇದ್ರು. ಆಮೇಲೆ "ಸರಿ, ಹುಷಾರು" ಅಂತ ಇಟ್ರು.

ಆಗಿದ್ದೇನು ಅಂದ್ರೆ ಹತ್ತು ನಿಮಿಷ ಮೊದಲು ಆಂಟಿ ಊರಿಗೆ ಫೋನ್ ಮಾಡಿದ್ರು. ಅಗ್ರಿಮೆಂಟ್ ಹೊತ್ತಲ್ಲಿ ಗಾರ್ಡಿಯನ್ ನಂಬರ್ ಅಂತ ಅಪ್ಪನದ್ದು ಕೊಟ್ಟಿದ್ಲು. "ಸಾರ್, ನಿಮ್ಮ ಮಗಳು ಇನ್ನೂ ಬಂದಿಲ್ಲ. ಬಾಗಿಲಲ್ಲಿ ಗಂಡಸಿನ ಚಪ್ಪಲಿ ಬೇರೆ ಇರುತ್ತೆ, ಅಣ್ಣ ಅಂತಾಳೆ, ನಿಮಗೆ ಗಂಡು ಮಕ್ಕಳಿಲ್ವಲ್ಲ." ಗೇಟು ತೆಗೆದಿದ್ದು ಹನ್ನೊಂದೂ ಐದಕ್ಕೆ.

ಅವತ್ತು 112ಕ್ಕೆ ಫೋನ್ ಮಾಡ್ಬೋದಿತ್ತಲ್ಲ ಅಂತ ಆಮೇಲೆ ಕೇಳಿದೆ. ನಂಬರ್ ಗೊತ್ತಿತ್ತು, ಡಯಲ್ ಕೂಡ ಮಾಡಿ ಒತ್ತದೇ ಬಿಟ್ಟೆ, ಪೊಲೀಸರ ಹೊಯ್ಸಳ ಗಾಡಿ ಮನೆ ಮುಂದೆ ನಿಂತ್ರೆ ಬೆಳಗ್ಗೆ ಬೀದಿಗೆಲ್ಲ ಏನು ಹೇಳೋದು ಅಂದ್ಲು. ಮಾಡ್ಬೇಕಿತ್ತು ಅನ್ನೋದೇ ನನ್ನ ಅಭಿಪ್ರಾಯ, ರಾತ್ರಿ ನಲ್ವತ್ತು ನಿಮಿಷ ಬೀದೀಲಿ ನಿಲ್ಲಿಸೋದು ಸಣ್ಣ ವಿಷಯ ಅಲ್ಲ. ಆದ್ರೆ ಅವಳ ಜಾಗದಲ್ಲಿ 26ರ ನಾನಿದ್ರೂ ಮಾಡ್ತಿರ್ಲಿಲ್ಲ, ಅದೂ ನಿಜ.

ಶನಿವಾರ ಊರಿಗೆ ಹೋದ್ಲು. ಅಪ್ಪ ಮುಖ ಕೊಟ್ಟು ಮಾತಾಡ್ತಿಲ್ಲ, ಚಿಕ್ಕಪ್ಪ ಆಗಲೇ ಒಂದು ಹುಡುಗನ ಬಯೋಡೇಟಾ ವಾಟ್ಸಾಪಲ್ಲಿ ಇಟ್ಕೊಂಡಿದಾರೆ. ಹಬ್ಬದ ಬೆಳಗ್ಗೆ ಅಮ್ಮ ಯಾವಾಗ್ಲೂ ಮಾಡೋ ಹಾಗೆ ಮನೆಯೋರ ಚಿನ್ನ ಎಲ್ಲ ಅಂಟುವಾಳಕಾಯಿ ನೀರಲ್ಲಿ ತೊಳೆಯೋಕೆ ಕೂತ್ರು, "ತಾ ನಿನ್ನ ಸರಾನೂ" ಅಂತ ಕೈ ಚಾಚಿದ್ರು. ಇವಳು ಬೇಡಮ್ಮ ಬೇಡಮ್ಮ ಅನ್ನೋದ್ರೊಳಗೆ ಬಿಚ್ಚಿಯೇ ಬಿಟ್ರು. ಅಂಗೈಲಿ ಒಂದು ಸಲ ಎತ್ತಿ ನೋಡಿದ್ರು ಅಷ್ಟೇ, ನೀರಿಗೂ ಹಾಕ್ಲಿಲ್ಲ. "ಇದು ನಾನು ಮಾಡಿಸಿದ್ದಲ್ಲ" ಅಂದ್ರು. ಆಮೇಲೆ ಹಿತ್ತಲ ಬಾಗಿಲು ಹಾಕಿ ಬಂದು ಕೂತು, "ಮೊದ್ಲು ಚಪ್ಪಲಿ ಯಾರದು ಹೇಳು" ಅಂದ್ರು.

"ನಂದೇ ಕಣಮ್ಮ. ನೂರ ಎಂಬತ್ತು ರೂಪಾಯಿ."

ಅಮ್ಮಂಗೆ ಅರ್ಥ ಆಗೋಕೆ ಎರಡು ನಿಮಿಷ ಬೇಕಾಯ್ತಂತೆ, ಆಮೇಲೆ ನಕ್ರಂತೆ, ಆಮೇಲೆ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರಂತೆ. ಹತ್ತು ತಿಂಗಳ ಲೆಡ್ಜರ್ ಅರ್ಧ ಗಂಟೇಲಿ ಮುಗೀತು. ಅಮ್ಮ ಅಪ್ಪನಿಗೆ ಚಪ್ಪಲಿ ಕಥೆ ಮಾತ್ರ ಹೇಳಿದ್ರು, ಸರದ್ದು ಹೇಳ್ಲಿಲ್ಲ.

ಮನೆ ಬಿಟ್ಟಿದ್ದು, ದುಡ್ಡು ಸಿಗದೇ ಇದ್ದಿದ್ದು

ನನಗೆ ಅವಳ ಮೆಸೇಜ್ ಬಂದಿದ್ದು ಏಪ್ರಿಲ್ 1ಕ್ಕೆ. ಅಗ್ರಿಮೆಂಟ್ ಆ ತಿಂಗಳ 30ಕ್ಕೆ ಮುಗೀತಿತ್ತು, ಖಾಲಿ ಮಾಡೋದು ಅಂತ ತೀರ್ಮಾನ ಆಗಿತ್ತು. ಇಲ್ಲಿ ನನ್ನ ತಪ್ಪು. ಖಾಲಿ ಮಾಡ್ತೀನಿ ಅಂತ ವಾಟ್ಸಾಪಲ್ಲಿ ಹಾಕ್ಲಾ ಅಂತ ಕೇಳಿದ್ಲು, ನಾನು "ಬೇಡ ಕಣೇ, ಎದುರಿಗೆ ಹೋಗಿ ಹೇಳು, ಮೆಸೇಜಲ್ಲಿ ಹೇಳಿದ್ರೆ ಹಿರಿಯರಿಗೆ ಬೇಜಾರಾಗುತ್ತೆ, ಅಡ್ವಾನ್ಸ್ ಬೇರೆ ಬರ್ಬೇಕು" ಅಂದೆ. ಮರ್ಯಾದೆ ಅಂತ ಹೇಳಿದ್ದು. ಅವಳು ಕೆಳಗೆ ಹೋಗಿ ಹೇಳಿದ್ಲು, ಆಂಟಿ ಸರಿ ಅಂದ್ರು.

30ನೇ ತಾರೀಖು ಟೆಂಪೋ ಬಂತು, ಸಾಮಾನೆಲ್ಲ ಇಳಿಸಿದ್ದಾಯ್ತು, ಡ್ರೈವರ್ ಕಾಯೋಕೆ ಗಂಟೆಗೆ ಇಷ್ಟು ಅಂತ ಕೆಳಗಿಂದ ಕೂಗ್ತಿದಾನೆ. "ಕೀ ಕೊಡಮ್ಮಾ, ಒಳಗೆ ನೋಡಿ ಲೆಕ್ಕ ಮಾಡೋಣ" ಅಂದ್ರು ಆಂಟಿ. ಕೊಟ್ಟುಬಿಟ್ಲು. ಫೋನಿಗೆ ಬಂದಿದ್ದು 45,000. ಬಾಕಿ 35,000ದ ಲೆಕ್ಕ ಬಾಯಲ್ಲಿ: ಪೇಂಟಿಂಗ್ 9,000, ಹತ್ತು ದಿನ ಮುಂಚೆ ಅಷ್ಟೇ ಹೇಳಿದೀಯ ಅದಕ್ಕೆ ನೋಟಿಸ್ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆ 9,000, ಉಳಿದಿದ್ದು ಹೊಸಬರು ಬಂದು ಅಡ್ವಾನ್ಸ್ ಕೊಟ್ಮೇಲೆ. ಏಪ್ರಿಲ್ 1ಕ್ಕೇ ಹೇಳಿದ್ನಲ್ಲ ಅಂದ್ರೆ "ಎಲ್ಲಮ್ಮಾ ಹೇಳಿದ್ದೆ?". ತೋರಿಸೋಕೆ ಏನೂ ಇಲ್ಲ. ಮೆಸೇಜ್ ಬೇಡ ಅಂದವಳು ನಾನೇ.

ಮೇ ತಿಂಗಳೆಲ್ಲ ಫೋನಲ್ಲಿ ಕಳೀತು, ಇವತ್ತು ನಾಳೆ ಅಂತ. ನಾವು ಕಾನೂನು ಏನಿದೆ ಅಂತ ನೋಡೋಕೆ ಹೊರಟ್ವಿ. ಅಡ್ವಾನ್ಸ್ ಎರಡೇ ತಿಂಗಳ ಬಾಡಿಗೆ ದಾಟಬಾರದು ಅಂತ ಒಂದು ಮಾತು ಎಲ್ಲ ಕಡೆ ಓಡಾಡುತ್ತೆ. ಅದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೇಲಿರೋದು, ಹೆಸರೇ ಹೇಳೋ ಹಾಗೆ ಮಾದರಿ, ರಾಜ್ಯ ತನ್ನದಾಗಿ ಮಾಡ್ಕೊಳ್ಳೋವರೆಗೆ ಅದನ್ನ ಹಿಡ್ಕೊಂಡು ಓನರ್ ಮುಂದೆ ನಿಂತ್ರೆ ನಗ್ತಾರೆ. ಇನ್ನು ನಮ್ಮದೇ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ, ಆದ್ರೆ ಬೆಂಗಳೂರಲ್ಲಿ ತಿಂಗಳಿಗೆ 3,500 ದಾಟಿದ ಬಾಡಿಗೆ ಮನೆಗಳು ಅದರ ಲೆಕ್ಕಕ್ಕೇ ಬರಲ್ಲ. ಬೆಂಗಳೂರಲ್ಲಿ 3,500ಕ್ಕೆ ಈಗ ಪಾರ್ಕಿಂಗ್ ಸಿಕ್ಕಿದ್ರೆ ಪುಣ್ಯ. ಹಾಗಾಗಿ ಉಳಿಯೋದು ಕೈಲಿರೋ ಅಗ್ರಿಮೆಂಟ್ ಒಂದೇ, ಅದನ್ನಿಟ್ಕೊಂಡು ಸಿವಿಲ್ ದಾರಿ. ಲಾಯರ್ ಫೀಸು ಕೊಟ್ಟು 35,000ಕ್ಕೆ ಯಾರು ಕೋರ್ಟಿಗೆ ಹೋಗ್ತಾರೆ, ಓನರುಗಳಿಗೆ ಇದು ಚೆನ್ನಾಗಿ ಗೊತ್ತು.

ಕೈ ಚೆಲ್ಲೋ ಹೊತ್ತಿಗೆ ಗುಂಪಲ್ಲಿದ್ದ ಒಬ್ಬ ಹುಡುಗಿ, ಎಲ್‌ಎಲ್‌ಬಿ ಓದ್ತಿರೋಳು, ಒಂದು ವಿಷಯ ಹೇಳಿದ್ಲು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರ್ಲಿ ಉಚಿತ ಕಾನೂನು ನೆರವು ಸಿಗುತ್ತೆ. ಬಡವರಿಗೆ ಮಾತ್ರ ಅಂತ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಲು. ಕೇಸ್ ಹಾಕೋ ಮುಂಚೆನೇ ಎರಡೂ ಕಡೆಯವರನ್ನ ಕರೆಸಿ ಕೂರಿಸಿ ಮಾತಾಡಿಸೋ ವ್ಯವಸ್ಥೆ ಅಲ್ಲಿದೆ. ಅರ್ಜಿ ಜೊತೆ ಅಗ್ರಿಮೆಂಟು, 80,000 ಬ್ಯಾಂಕಿಂದ ಹೋಗಿದ್ದಕ್ಕೆ ಸ್ಟೇಟ್‌ಮೆಂಟು, ಪುಣ್ಯಕ್ಕೆ ಕ್ಯಾಶ್ ಕೊಟ್ಟಿರ್ಲಿಲ್ಲ.

ನೆರವಿಗೆ ಸಿಕ್ಕ ವಕೀಲರು ಅಗ್ರಿಮೆಂಟ್ ಎರಡು ಸಲ ಓದಿ ಕೇಳಿದ್ದು ಒಂದೇ ಪ್ರಶ್ನೆ, "ನೀವು ಮಧ್ಯದಲ್ಲಿ ಬಿಟ್ರಾ ಅಥ್ವಾ ಅವಧಿ ಮುಗಿದ ದಿನ ಬಿಟ್ರಾ?". ಮುಗಿದ ದಿನ. ಅಲ್ಲಮ್ಮಾ, ಈ ಕಾಗದದಲ್ಲಿ ನೋಟಿಸ್ ಬರೆದಿರೋದು ಅವಧಿಗೆ ಮುಂಚೆ ಬಿಟ್ರೆ ಅಂತ, ಹನ್ನೊಂದು ತಿಂಗಳು ತುಂಬಿದ ದಿನ ಬಿಟ್ರೆ ನೋಟಿಸ್ ಯಾಕೆ ಬೇಕು ಅಂದ್ರು. ನಾವಿಬ್ರೂ ಒಂದು ತಿಂಗಳಿಂದ ಏಪ್ರಿಲ್ 1ಕ್ಕೆ ಹೇಳಿದ್ದಕ್ಕೆ ಸಾಕ್ಷಿ ಇಲ್ವಲ್ಲ ಅಂತ ಒದ್ದಾಡ್ತಿದ್ವಿ, ಕೈಲಿದ್ದ ಕಾಗದವನ್ನೇ ಸರಿಯಾಗಿ ಓದಿರ್ಲಿಲ್ಲ.

ಮೊದಲ ದಿನ ಓನರ್ ಕಡೆಯಿಂದ ಯಾರೂ ಬರ್ಲಿಲ್ಲ, ಅರ್ಧ ದಿನದ ರಜೆ ದಂಡ. ಎರಡನೇ ದಿನ ಅವರ ಮಗ ಬಂದ. ಅವನಿಗೆ ಅರ್ಧ ವಿಷಯ ಗೊತ್ತೇ ಇರ್ಲಿಲ್ಲ ಅನ್ಸುತ್ತೆ. ಇವಳು ಫೋನಲ್ಲಿದ್ದ ಕರೆಂಟ್ ಬಿಲ್ ಫೋಟೋಗಳನ್ನ ತೆಗೆದ್ಲು. ಮೊದಲ ಐದು ತಿಂಗಳು ಆಂಟಿ ತಿಂಗಳಿಗೆ 400 ಕರೆಂಟ್ ದುಡ್ಡು ಇಸ್ಕೊಂಡಿದ್ರು, ಆಮೇಲೆ ಒಂದಿನ ಮೀಟರ್ ಬೋರ್ಡಲ್ಲಿ ಸಿಗಿಸಿದ್ದ ಬಿಲ್ ನೋಡಿದ್ರೆ ಗೃಹಜ್ಯೋತಿ, ಶೂನ್ಯ ಬಿಲ್ಲು. ಜಗಳ ಬೇಡ ಅಂತ ಆಗ ಫೋಟೋ ಹೊಡ್ಕೊಂಡು, ತನ್ನ ಆಧಾರ್ ಆ ಆರ್‌ಆರ್ ನಂಬರಿಗೆ ಸೇರಿಸ್ತೀನಿ ಅಂತ ಕೇಳಿ ಸೇರಿಸ್ಕೊಂಡು ಸುಮ್ನಾಗಿದ್ಲು. ಆ ಫೋಟೋ ನೋಡಿ ಮಗ ಹೊರಗೆ ಹೋಗಿ ಅಮ್ಮನ ಹತ್ರ ಫೋನಲ್ಲಿ ಮಾತಾಡಿ ಬಂದ. ಪೇಂಟಿಂಗ್ 9,000 ಅಗ್ರಿಮೆಂಟಲ್ಲೇ ಇತ್ತು, ಅದನ್ನ ಬಿಟ್ಟು 26,000 ಬರ್ಬೇಕಿತ್ತು. ಎರಡು ಕಂತಲ್ಲಿ 22,000 ಅಂತ ಒಪ್ಪಿಗೆ ಆಯ್ತು. ನಾನಾಗಿದ್ರೆ ಇನ್ನೂ ಎಳೀತಿದ್ದೆ, ಅವಳು "ಸಾಕು ಅಕ್ಕ, ಇನ್ನೊಂದು ರಜೆ ನನ್ನ ಹತ್ರ ಇಲ್ಲ" ಅಂದ್ಲು. ಜುಲೈ, ಆಗಸ್ಟಲ್ಲಿ ದುಡ್ಡು ಬಂತು.

ಇದರಿಂದ ಏನು ಕಲಿತ್ವಿ

ಸಣ್ಣವು ಬೇಗ ಹೇಳ್ಬಿಡ್ತೀನಿ. ಕೀಯೂ ದುಡ್ಡೂ ಒಂದೇ ಕೂತಲ್ಲಿ, ಟೆಂಪೋ ಬರೋ ಹಿಂದಿನ ದಿನವೇ. ಮನೆ ಹಿಡಿದ ದಿನ, ಬಿಟ್ಟ ದಿನ ವಿಡಿಯೋ. ಎದುರಿಗೆ ಹೇಳಿ, ಖಂಡಿತ ಹೇಳಿ, ಮನೆಗೆ ಬಂದು "ಆಂಟಿ, ಈಗ ಹೇಳಿದ ಹಾಗೆ 30ಕ್ಕೆ ಖಾಲಿ ಮಾಡ್ತೀನಿ" ಅಂತ ಮೆಸೇಜೂ ಹಾಕಿ, ಯಾವ ಹಿರಿಯರಿಗೂ ಬೇಜಾರಾಗಲ್ಲ. ಗೇಟಿನ ಕೀ ಕೊಡ್ತಾರಾ ಅನ್ನೋದನ್ನ ಅಡ್ವಾನ್ಸ್ ಕೊಡೋ ಮುಂಚೆ ಕೇಳಿ ಕಾಗದದಲ್ಲಿ ಬರೆಸಿ, ಬರೆಸೋಕಾಗಲ್ಲ ಅಂದ್ರೆ ಆ ಮನೆ ನಿಮ್ಮದಲ್ಲ. ಗೃಹಜ್ಯೋತಿಗೆ ಆಧಾರ್ ಸೇರಿಸಿದ್ರೆ ಬಿಡುವಾಗ ಸೇವಾಸಿಂಧುವಲ್ಲಿ ಡಿಲಿಂಕ್ ಮಾಡಿ, ಇಲ್ಲಾಂದ್ರೆ ಮುಂದಿನ ಮನೇಲಿ ತೊಂದರೆ.

ದೊಡ್ಡದು ಇದ್ಯಾವುದೂ ಅಲ್ಲ. ಅವಳು ಕಳ್ಕೊಂಡಿದ್ದನ್ನ ಒಂದಿನ ಇಬ್ರೂ ಕೂತು ಲೆಕ್ಕ ಹಾಕಿದ್ವಿ, ಅಕೌಂಟ್ಸ್ ಹುಡುಗಿ ಅಲ್ವಾ, ಅವಳೇ ಎಕ್ಸೆಲ್ ತೆಗೆದ್ಲು. ಸೆಟಲ್‌ಮೆಂಟಲ್ಲಿ ಬಿಟ್ಟಿದ್ದು 4,000, ವಾಪಸ್ ಕೇಳದ ಕರೆಂಟ್ ದುಡ್ಡು 2,000, ಸರದ ಮೇಲೆ ತಿಂಗಳಿಗೆ 450ರ ಹತ್ರ ಬಡ್ಡಿ ಒಂದು ವರ್ಷದ ಮೇಲೆ, ರಜೆಗಳು, ಎಸೆದ ಟೊಮ್ಯಾಟೋ (ಅದನ್ನೂ ಹಾಕಿದ್ಲು). ಇದರಲ್ಲಿ ಓನರ್ ಮಾಡಿದ ಮೋಸ ಅರ್ಧಕ್ಕೂ ಕಮ್ಮಿ. ಬಾಕಿಯೆಲ್ಲ ಯಾರಿಗೋ ಗೊತ್ತಾಗಬಾರದು ಅಂತ ಮಾಡಿದ ಖರ್ಚು. ಅಡ್ವಾನ್ಸ್‌ಗೆ ಅಪ್ಪನ್ನ ಕೇಳಿದ್ರೆ ಕೊಬ್ಬರಿ ಮಾರಿದ ದುಡ್ಡು ಮನೇಲಿತ್ತು, ಬಡ್ಡಿ ಇರ್ಲಿಲ್ಲ. ಕೇಳ್ಲಿಲ್ಲ, ಯಾಕಂದ್ರೆ ಕಷ್ಟ ಅಂತ ಬಾಯಿ ಬಿಟ್ರೆ ಸಿಗೋದು ಸಹಾಯ ಅಲ್ಲ, ಗಂಡು. ನಮ್ಮ ಗುಂಪಲ್ಲಿ ಎಷ್ಟು ಹುಡುಗೀರು ಜ್ವರ ಬಂದು ಮೂರು ದಿನ ಮಲಗಿದ್ರೂ ಊರಿಂದ ವಿಡಿಯೋ ಕಾಲ್ ಬಂದಾಗ ಎದ್ದು ಮುಖ ತೊಳ್ಕೊಂಡು ಕೂರ್ತಾರೆ ಅಂತ ನನಗೆ ಗೊತ್ತು. ನಾನೂ ಕೂತಿದೀನಿ.

ಹಾಗಂತ ಎಲ್ಲ ಮನೇಲಿ ಹೇಳ್ಬಿಡಿ ಅಂತ ನಾನು ಯಾರಿಗೂ ಹೇಳಲ್ಲ. ಲಲಿತಾಗೆ ಅವಳ ಅಮ್ಮ ಇದ್ರು, ಹೇಳಿದ ತಕ್ಷಣ ಬಸ್ಸು ಹತ್ತಿಸ್ಕೊಂಡು ಹೋಗಿ ಎರಡು ತಿಂಗಳಲ್ಲಿ ಮದುವೆ ಮಾಡಿದ ಮನೆಗಳನ್ನೂ ಕಂಡಿದೀನಿ. ಆದ್ರೆ ಮನೇಲೋ, ಆಫೀಸಲ್ಲೋ, ನಮ್ಮಂಥ ಗುಂಪಲ್ಲೋ, ಎಲ್ಲೋ ಒಂದು ಕಡೆ ಒಬ್ಬರಿಗಾದ್ರೂ ಪೂರ್ತಿ ಲೆಕ್ಕ ಗೊತ್ತಿರ್ಬೇಕು. ಈಗ ನಮ್ಮ ಗುಂಪಿಗೆ ಯಾರು ಸೇರಿದ್ರೂ ನಾನು ಮೊದಲು ಕೇಳೋದು ಬಜೆಟ್ ಎಷ್ಟು ಅಂತಲ್ಲ, ಅಡ್ವಾನ್ಸ್ ಎಲ್ಲಿಂದ ತರ್ತೀಯ, ಮನೇಲಿ ಏನಂತ ಹೇಳಿದೀಯ ಅಂತ.

ಗಂಡಸರ ಚಪ್ಪಲಿ ಸಲಹೇನ ನಾನು ಕೊಡೋದು ನಿಲ್ಲಿಸಿದೀನಿ. ಕೊಟ್ರೂ, ಓನರಿಗೆ ಮೊದ್ಲೇ ಹೇಳಿ ಇಡು ಅಂತೀನಿ.

ಈಗ

ಲಲಿತಾ ಈಗ ಹೊಸಹಳ್ಳಿ ಕಡೆ ಇಬ್ಬರು ಆಫೀಸ್ ಹುಡುಗೀರ ಜೊತೆ ಎರಡು ರೂಮಿನ ಮನೇಲಿದಾಳೆ, ನೆಲಮಹಡಿ, ಗೇಟಿನ ಕೀ ಮೂವರ ಹತ್ರಾನೂ ಇದೆ, ಅಗ್ರಿಮೆಂಟಲ್ಲೂ ಇದೆ. ಸರ ಇನ್ನೂ ಬಿಡಿಸಿಲ್ಲ, 14,000 ಬಾಕಿ. ಮದುವೆ ಮಾತು ನಿಂತಿಲ್ಲ, ಚಿಕ್ಕಪ್ಪನ ವಾಟ್ಸಾಪಿಗೆ ಹೊಸ ಬಯೋಡೇಟಾ ಬರ್ತಾನೇ ಇವೆ. ಲೇಟಾದ ದಿನ ಈಗ ಅವಳೇ ಊರಿಗೆ ಫೋನ್ ಮಾಡಿ "ಇನ್ನೂ ಆಫೀಸಲ್ಲಿದೀನಪ್ಪ" ಅಂತಾಳಂತೆ, ಅಪ್ಪ "ಹ್ಞೂಂ" ಅಂತಾರಂತೆ, ಬೈಯೋದೂ ಇಲ್ಲ, ಸಂತೋಷಾನೂ ಇಲ್ಲ.

ಸೆಪ್ಟೆಂಬರಲ್ಲಿ ಅಪ್ಪ ಹೊಸ ಮನೆ ನೋಡೋಕೆ ಬಂದ್ರು, ಒಂದು ಚೀಲ ತೆಂಗಿನಕಾಯಿ ಹೊತ್ಕೊಂಡು. ಮಾರನೇ ದಿನ ಬೆಳಗ್ಗೆ ಹಾಲು ತರೋಕೆ ಹೊರಟವರು ಬಾಗಿಲಲ್ಲಿ ನಿಂತ್ಬಿಟ್ರು. ಸಾಮಾನಿನ ಜೊತೆ ಆ ಚಪ್ಪಲೀನೂ ಬಂದಿತ್ತು, ಎಸೆಯೋಕೆ ಮನಸ್ಸಾಗದೆ ಮೂಲೇಲಿ ಇಟ್ಟಿದ್ಲು. ಇವಳು ಅಡುಗೆಮನೆಯಿಂದ ನೋಡ್ತಾ ಇದಾಳೆ, ಕೈಲಿ ಫಿಲ್ಟರ್. ಅಪ್ಪ ತಮ್ಮ ಚಪ್ಪಲಿ ಪಕ್ಕಕ್ಕೆ ಸರಿಸಿ, ಅದರೊಳಗೆ ಕಾಲಿಟ್ಟು, ನಾಲ್ಕು ಹೆಜ್ಜೆ ನಡೆದು ನೋಡಿದ್ರು. ಅವರದ್ದು ಎಂಟನೇ ನಂಬರು, ಹಿಮ್ಮಡಿ ಪಟಪಟ ಅಂತಿತ್ತು.

"ಒಂದು ನಂಬರ್ ದೊಡ್ಡದಾಯ್ತಲ್ಲ ಪುಟ್ಟಿ" ಅಂದು, ಅದನ್ನೇ ಹಾಕ್ಕೊಂಡು ಹಾಲಿಗೆ ಹೋದ್ರಂತೆ.